ನೆರಳಿನ ತಲೆಯ ಸುತ್ತ ಬೆಳಕೇಕೆ? ಸೈಕಲ್ ದಾರಿಯ ಅನಿರೀಕ್ಷಿತ ನೋಟಗಳು

ಪ್ರಶ್ನೆ: ಹತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ದಾರಿಯಲ್ಲೇ ಎಂಟು ತಿಂಗಳಿಂದ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದೇನೆ. ಹಿಂದೆಂದೂ ಗಮನಿಸದ ನೋಟಗಳು ಈಗ ಕಾಣುತ್ತಿವೆ. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನನ್ನ ನೆರಳಿನ ತಲೆಯ ಸುತ್ತ ಬಿಳಿ ಹೊಳಪು ಇರುತ್ತದೆ. ಜೊತೆಗೆ ಬರುವ ಸಹೋದ್ಯೋಗಿಯೋ, ಅದು ತಮ್ಮ ತಲೆಯ ಸುತ್ತ ಮಾತ್ರ ಇದೆ ಎನ್ನುತ್ತಾರೆ. ರಾತ್ರಿ ಬೀದಿದೀಪ ದಾಟುವಾಗ ಯಾರೋ ಹಿಂದಿನಿಂದ ಬಂದು ನನ್ನನ್ನು ಹಿಂದಿಕ್ಕಿದಂತಾಗಿ ಬೆಚ್ಚುತ್ತೇನೆ. ಮುಂದೆ ಹೋಗುವ ಸೈಕಲ್ಲಿನ ಕಡ್ಡಿಗಳು ಕೆಲವೊಮ್ಮೆ ಹಿಂದಕ್ಕೆ ತಿರುಗುತ್ತವೆ. ಸಿಗ್ನಲ್‌ನಲ್ಲಿ ನಿಂತರೆ ರಸ್ತೆಯೇ ಹರಿಯುತ್ತದೆ. ಹೆಲ್ಮೆಟ್‌ಗೆ ದೀಪ ಕಟ್ಟಿಕೊಂಡ ದಿನದಿಂದ ಹುಲ್ಲಿನಲ್ಲಿ ಹಸಿರು ಕಿಡಿಗಳು ಮಿನುಗುತ್ತಿವೆ. ಇವುಗಳಲ್ಲಿ ನಿಜ ಯಾವುದು, ಭ್ರಮೆ ಯಾವುದು? ಬಸ್ಸಿನಲ್ಲಿದ್ದಾಗ ಏಕೆ ಕಾಣಲಿಲ್ಲ? ಕಣ್ಣು ತೋರಿಸಿಕೊಳ್ಳಬೇಕೇ?

ಉತ್ತರ: ಮೊದಲು ನಿಮ್ಮಿಬ್ಬರ ವಾದವನ್ನು ಇತ್ಯರ್ಥಪಡಿಸುತ್ತೇನೆ. ನೀವೂ ಸರಿ, ನಿಮ್ಮ ಸಹೋದ್ಯೋಗಿಯೂ ಸರಿ. ಹುಲ್ಲಿನ ಎಸಳಿನ ಮೇಲೆ ಕುಳಿತ ಇಬ್ಬನಿಯ ಹನಿ ಒಂದು ಪುಟ್ಟ ಮಸೂರ. ದುಂಡನೆಯ ಹನಿಯನ್ನು ಹೊಕ್ಕ ಬಿಸಿಲು ಅದರ ಹಿಂಬದಿಯಿಂದ ಸುಮಾರು ಹನಿಯ ತ್ರಿಜ್ಯದಷ್ಟೇ ದೂರದಲ್ಲಿ ಒಂದೆಡೆ ಕೂಡುತ್ತದೆ. ಎಸಳಿನ ಮೇಲಿರುವ ನವಿರಾದ ರೋಮಗಳು ಹನಿಯನ್ನು ಪೂರ್ತಿ ಅಂಟಲು ಬಿಡದೆ ತುಸು ಎತ್ತಿ ಹಿಡಿದಿರುವುದರಿಂದ, ಬೆಳಕು ಕೂಡುವ ಜಾಗದ ಹತ್ತಿರವೇ ಎಸಳಿನ ಮೈ ಇರುತ್ತದೆ. ಅಲ್ಲಿ ಬಿದ್ದು ಚದುರಿದ ಬೆಳಕಿನ ಒಂದು ಪಾಲು ಮತ್ತೆ ಅದೇ ಹನಿಯ ಮೂಲಕ ಹಾದು, ಬಂದ ದಾರಿಯಲ್ಲೇ ಸೂರ್ಯನ ಕಡೆಗೆ ಮರಳುತ್ತದೆ. ಹೀಗೆ ಮರಳುವ ಬೆಳಕಿನ ದಾರಿಯಲ್ಲಿ ಇರುವುದು ಒಂದೇ ಒಂದು ತಲೆ, ಅದು ನೋಡುವವನದು. ಏಕೆಂದರೆ ಸೂರ್ಯ, ನಿಮ್ಮ ಕಣ್ಣು ಮತ್ತು ನಿಮ್ಮ ತಲೆಯ ನೆರಳು ಯಾವಾಗಲೂ ಒಂದೇ ಸರಳರೇಖೆಯಲ್ಲಿರುತ್ತವೆ. ನಿಮ್ಮ ಸಹೋದ್ಯೋಗಿಯ ನೆರಳಿನ ಬಳಿಯ ಹನಿಗಳು ತಮ್ಮ ಬೆಳಕನ್ನು ಅವರ ಕಣ್ಣಿಗೆ ಕಳಿಸುತ್ತಿವೆ. ಪಕ್ಕದಲ್ಲಿರುವ ನಿಮಗೆ ಅದು ತಲುಪುವುದಿಲ್ಲ.

ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ (1500–1571) ತನ್ನ ನೆರಳಿನ ತಲೆಯ ಸುತ್ತ ಇದೇ ಹೊಳಪನ್ನು ಕಂಡು, ಅದನ್ನು ತನಗೆ ಮಾತ್ರ ದೊರೆತ ವಿಶೇಷ ಕೃಪೆಯೆಂದು ನಂಬಿದ್ದ. ನಿಮ್ಮ ಸಹೋದ್ಯೋಗಿಯ ಹಟಕ್ಕೆ ಹೀಗೆ ಐದು ಶತಮಾನಗಳ ಹಿನ್ನೆಲೆ ಇದೆ. ಇಬ್ಬನಿಯೇ ಇಲ್ಲದ ಒಣ ರಸ್ತೆಯಲ್ಲೂ ಇದರ ಮಸುಕಾದ ರೂಪವೊಂದು ಕಾಣುವುದುಂಟು. ಸೂರ್ಯ ನೇರವಾಗಿ ಬೆನ್ನ ಹಿಂದಿರುವ ದಿಕ್ಕಿನಲ್ಲಿ ಪ್ರತಿಯೊಂದು ಕಲ್ಲು, ಪ್ರತಿಯೊಂದು ಎಸಳು ತನ್ನ ನೆರಳನ್ನು ತಾನೇ ಮರೆಮಾಡಿಕೊಳ್ಳುತ್ತದೆ. ಕಪ್ಪು ಚುಕ್ಕೆಗಳೆಲ್ಲ ಮರೆಯಾದ ಆ ಜಾಗ ಸುತ್ತಲಿನದಕ್ಕಿಂತ ಬೆಳ್ಳಗೆ ತೋರುತ್ತದೆ. ಸವಾರಿಯಲ್ಲಿರುವಾಗ ಇದು ಇನ್ನೂ ಸ್ಪಷ್ಟ. ನೆಲದ ಉಬ್ಬುತಗ್ಗುಗಳೆಲ್ಲ ವೇಗದಲ್ಲಿ ಕಲಸಿಹೋಗುತ್ತವೆ, ಹೊಳಪು ಮಾತ್ರ ನಿಮ್ಮೊಂದಿಗೆ ಕದಲದೆ ಸಾಗುತ್ತದೆ. ನಿಂತು ಹುಡುಕಿದರೆ ಸಿಗದ ಮಂದ ಹೊಳಪನ್ನು ನಾನು ಪೆಡಲ್ ತುಳಿಯುತ್ತಲೇ ಎಷ್ಟೋ ಸಲ ಕಂಡಿದ್ದೇನೆ.

ನೀವು ‘ನಿಜ’ ಮತ್ತು ‘ಭ್ರಮೆ’ ಎಂದು ಎರಡೇ ಗೂಡು ಮಾಡಿಕೊಂಡಿದ್ದೀರಿ. ಈ ಹೊಳಪು ಎರಡರಲ್ಲೂ ಸರಿಯಾಗಿ ಕೂರುವುದಿಲ್ಲ. ಕ್ಯಾಮೆರಾದಲ್ಲಿ ಅದು ಸೆರೆಯಾಗುತ್ತದೆ, ಆದ್ದರಿಂದ ಭ್ರಮೆಯಲ್ಲ. ಆದರೆ ಹುಲ್ಲಿನಲ್ಲಿ ಅದಕ್ಕೊಂದು ನೆಲೆಯಿಲ್ಲ, ಬೆಳಕು, ವಸ್ತು ಮತ್ತು ನೋಡುವ ಕಣ್ಣು ಇವು ಮೂರೂ ಒಂದು ನಿರ್ದಿಷ್ಟ ಕೋನದಲ್ಲಿ ಸೇರಿದಾಗ ಮಾತ್ರ ಅದು ಇರುತ್ತದೆ. ಸೈಕಲ್ ದಾರಿಯಲ್ಲಿ ಕಾಣುವ ಬೆರಗುಗಳಲ್ಲಿ ಹೆಚ್ಚಿನವು ಈ ಬಗೆಯವೇ ಎಂಬುದು ನನ್ನ ಅನುಭವ. ಹೋಗುವಾಗ ಕಂಡದ್ದು ಬರುವಾಗ ಕಾಣದಿರುವುದಕ್ಕೂ ಇದೇ ಕಾರಣ. ಸೂರ್ಯನಿಗೆ ಎದುರಾಗಿ ಹೋಗುವಾಗ ಗದ್ದೆಯಂಥ ಬಯಲಿನ ಮೇಲೆಲ್ಲ ಜೇಡರ ನೂಲು ಹಾಸಿ ಬೆಳ್ಳಿಯ ಹಾದಿಯಂತೆ ಹೊಳೆಯುತ್ತದೆ. ಬೆನ್ನಿಗೆ ಬಿಸಿಲಿಟ್ಟುಕೊಂಡು ಮರಳುವಾಗ ಅದೇ ಬಯಲು ಬರಿದಾಗಿ ತೋರುತ್ತದೆ. ನೂಲು ಎಲ್ಲಿಗೂ ಹೋಗಿರುವುದಿಲ್ಲ.

ಬಿಸಿಲ್ಗುದುರೆಯೂ ಕೋನದ ಸಂತಾನವೇ. ಕಾದ ರಸ್ತೆಯನ್ನು ಒತ್ತಿಕೊಂಡಿರುವ ತೆಳುವಾದ ಬಿಸಿಗಾಳಿಯ ಪದರದಲ್ಲಿ ಬೆಳಕು ಮೇಲಕ್ಕೆ ಬಾಗುತ್ತದೆ. ನೀವು ನೀರೆಂದು ಕಾಣುವುದು ಹಾಗೆ ಬಾಗಿ ಬಂದ ಆಕಾಶವನ್ನು. 1798ರಲ್ಲಿ ನೆಪೋಲಿಯನ್ನನ ಸೇನೆಯೊಂದಿಗೆ ಈಜಿಪ್ಟಿಗೆ ಹೋಗಿದ್ದ ಗಣಿತಜ್ಞ ಗಾಸ್ಪಾರ್ ಮೊಂಜ್ ಇದನ್ನು ವಿವರಿಸಿದ. ದೃಷ್ಟಿಯು ರಸ್ತೆಗೆ ತೀರಾ ಓರೆಯಾಗಿ, ಸುಮಾರು ಅರ್ಧ ಡಿಗ್ರಿಯಷ್ಟು ಕೋನದಲ್ಲಿ ಸವರಿಕೊಂಡು ಹೋದರೆ ಮಾತ್ರ ಇದು ಸಾಧ್ಯ. ಸವಾರನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಸಮತಟ್ಟಾದ ರಸ್ತೆಯಲ್ಲಿ ಆ ‘ನೀರು’ ಸುಮಾರು 170 ಮೀಟರ್ ಮುಂದೆ ಕಾಣಬೇಕು. ನೀವು ಮುಂದೆ ಹೋದಷ್ಟೂ ಅದೂ ಅಷ್ಟೇ ದೂರ ಸರಿಯುತ್ತದೆ. ಏರು ಮುಗಿಯುವ ತುದಿಯಲ್ಲಿ ಮಾತ್ರ ದೃಷ್ಟಿ ರಸ್ತೆಗೆ ಸಹಜವಾಗಿಯೇ ಓರೆಯಾಗುವುದರಿಂದ ಅದು ಥಟ್ಟನೆ ಹತ್ತಿರ ಬಂದುಬಿಡುತ್ತದೆ.

ರಾತ್ರಿ ನಿಮ್ಮನ್ನು ಹಿಂದಿಕ್ಕುವ ವ್ಯಕ್ತಿ ನೀವೇ. ದೀಪದ ಕಂಬವನ್ನು ಸಮೀಪಿಸುವಾಗ ನೆರಳು ಬೆನ್ನ ಹಿಂದಿರುತ್ತದೆ, ಕಂಬದ ಬಳಿ ಚಕ್ರದ ಕೆಳಗೆ ಕುಗ್ಗುತ್ತದೆ, ದಾಟಿದೊಡನೆ ಪಕ್ಕದಿಂದ ನುಸುಳಿ ಮುಂದಕ್ಕೆ ಓಡುತ್ತದೆ. ಈ ಓಟದಲ್ಲಿ ನೆರಳಿನ ತಲೆ ನಿಮಗಿಂತ ನಿಜವಾಗಿಯೂ ವೇಗವಾಗಿ ಚಲಿಸುತ್ತಿರುತ್ತದೆ. ದೀಪ 8 ಮೀಟರ್ ಎತ್ತರದಲ್ಲಿದ್ದು, ಸೈಕಲ್ ಮೇಲೆ ಕುಳಿತ ನಿಮ್ಮ ನೆತ್ತಿ ನೆಲದಿಂದ 1.7 ಮೀಟರ್ ಎತ್ತರದಲ್ಲಿದ್ದರೆ, ಎಂಟನ್ನು 6.3ರಿಂದ ಭಾಗಿಸಿದಾಗ ಬರುವ 1.27 ಎಂಬುದೇ ಆ ವೇಗದ ಪ್ರಮಾಣ. ನೀವು ಗಂಟೆಗೆ 18 ಕಿ.ಮೀ. ವೇಗದಲ್ಲಿದ್ದರೆ ನೆರಳಿನ ತಲೆ ಹತ್ತಿರ ಹತ್ತಿರ 23 ಕಿ.ಮೀ. ವೇಗದಲ್ಲಿರುತ್ತದೆ. ಕಣ್ಣಿನ ಅಂಚು ಆಕಾರಗಳನ್ನು ಗುರುತಿಸುವುದರಲ್ಲಿ ದುರ್ಬಲ, ಚಲನೆಯನ್ನು ಹಿಡಿಯುವುದರಲ್ಲಿ ಚುರುಕು. ಅದು ‘ಪಕ್ಕದಲ್ಲಿ ಏನೋ ವೇಗವಾಗಿ ಬಂತು’ ಎಂದು ಸುದ್ದಿ ಮುಟ್ಟಿಸುವಷ್ಟು ಹೊತ್ತಿನಲ್ಲಿ ಅದು ನೆರಳೆಂದು ತಿಳಿಯಲು ಬೇಕಾದ ವಿವರ ಇನ್ನೂ ಸಿಕ್ಕಿರುವುದಿಲ್ಲ, ಆದ್ದರಿಂದ ಬೆಚ್ಚುವುದೇ ಸರಿಯಾದ ಪ್ರತಿಕ್ರಿಯೆ. ಪ್ರತಿದಿನ ಆ ದಾರಿಯಲ್ಲಿ ಹೋಗುವವರೂ ದಣಿದಿದ್ದಾಗ ಬೆಚ್ಚುತ್ತಾರೆ, ನಾನಂತೂ ಬೆಚ್ಚುತ್ತೇನೆ.

ಇದಕ್ಕೆ ವಿರುದ್ಧವಾದ ಸಂಗತಿಯೊಂದನ್ನು, ನೀವು ಕೇಳದಿದ್ದರೂ, ಇಲ್ಲೇ ಹೇಳಬೇಕು. ಅಡ್ಡರಸ್ತೆಯಿಂದ ಬರುತ್ತಿರುವ ವಾಹನವು ನಿಮ್ಮ ದೃಷ್ಟಿಯಲ್ಲಿ ಹಿಂದೆ ಮುಂದೆ ಸರಿಯುತ್ತಿದ್ದರೆ ಅದು ನಿಮಗಿಂತ ಮೊದಲೋ ಆಮೇಲೋ ಕೂಡುರಸ್ತೆಯನ್ನು ದಾಟುತ್ತದೆ. ಅದು ಒಂದೇ ದಿಕ್ಕಿನಲ್ಲಿ ಅಂಟಿಕೊಂಡು ನಿಧಾನವಾಗಿ ದೊಡ್ಡದಾಗುತ್ತಿದ್ದರೆ ಮಾತ್ರ ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಬಿಂದುವಿಗೆ ಹೊರಟಿದ್ದೀರಿ ಎಂದರ್ಥ. ಕದಲದ ವಸ್ತುವನ್ನು ಕಣ್ಣಿನ ಅಂಚು ಸುದ್ದಿಯೆಂದೇ ಪರಿಗಣಿಸುವುದಿಲ್ಲ. ನಿರಪಾಯಕಾರಿಯಾದ ನೆರಳು ನಮ್ಮನ್ನು ಬೆಚ್ಚಿಸುತ್ತದೆ, ನಿಜವಾದ ಅಪಾಯ ಸದ್ದಿಲ್ಲದೆ ಒಂದು ಮೂಲೆಯಲ್ಲಿ ನಿಂತಿರುತ್ತದೆ. ಕೂಡುರಸ್ತೆಗೆ ಮುಂಚೆ ತಲೆಯನ್ನೇ ತಿರುಗಿಸಿ ನೋಡಬೇಕೆನ್ನುವುದು ಇದಕ್ಕಾಗಿ.

ಕಡ್ಡಿಗಳ ವಿಷಯಕ್ಕೆ ಬರೋಣ. ಅವು ಹಿಂದಕ್ಕೆ ತಿರುಗಿದ್ದು ದೀಪದ ಬೆಳಕಿನಲ್ಲೋ, ಹಗಲಿನಲ್ಲೋ ಎಂದು ನೀವು ಬರೆದಿಲ್ಲ. ದೀಪದ ಕೆಳಗೇ ಇರಬೇಕೆಂದು ಊಹಿಸುತ್ತೇನೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಸೋಡಿಯಂ ದೀಪಗಳೂ, ಒಳಗಿನ ವಿದ್ಯುನ್ಮಂಡಲ ಅಗ್ಗದ್ದಾಗಿರುವ ಹಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಪ್ರಕಾಶವನ್ನು ಏರಿಳಿಸುತ್ತವೆ. ನಮ್ಮ ಕಣ್ಣಿಗೆ ಅದು ನಿರಂತರ ಬೆಳಕು, ಓಡುವ ಕಡ್ಡಿಗೆ ಮಾತ್ರ ಅದು ತಾಳ ಹಾಕಿದಂತೆ. ಚಕ್ರದಲ್ಲಿ 32 ಕಡ್ಡಿಗಳಿದ್ದು, ಸುತ್ತಳತೆ ಸುಮಾರು 2.1 ಮೀಟರ್ ಇದೆ ಎನ್ನೋಣ. ಒಂದು ಮಿಂಚಿನಿಂದ ಇನ್ನೊಂದು ಮಿಂಚಿನ ನಡುವೆ ಒಂದು ಕಡ್ಡಿ ಸರಿಯಾಗಿ ಮುಂದಿನ ಕಡ್ಡಿಯ ಜಾಗಕ್ಕೆ ಬರಬೇಕಾದರೆ ಚಕ್ರವು ಸೆಕೆಂಡಿಗೆ 3.125 ಸುತ್ತು ತಿರುಗಬೇಕು, ಅಂದರೆ ಸೈಕಲ್ ಗಂಟೆಗೆ ಸುಮಾರು 23.6 ಕಿ.ಮೀ. ಓಡಬೇಕು. ಆ ವೇಗದಲ್ಲಿ ರಿಮ್ಮಿನ ಬಳಿ ಕಡ್ಡಿಗಳು ನಿಂತಂತೆ ತೋರುತ್ತವೆ. ವೇಗ ಕೊಂಚ ಇಳಿದರೆ ಪ್ರತಿ ಮಿಂಚಿಗೂ ಕಡ್ಡಿ ತುಸು ಹಿಂದುಳಿಯುವುದರಿಂದ ಚಕ್ರ ಹಿಮ್ಮುಖವಾಗಿಯೂ, ಏರಿದರೆ ಮುಮ್ಮುಖವಾಗಿಯೂ ಮೆಲ್ಲನೆ ತೆವಳುತ್ತದೆ. ದಿನನಿತ್ಯದ ಸವಾರಿಗೆ ಈ ವೇಗ ಅಪರೂಪವಲ್ಲ, ಹೀಗಾಗಿ ನಿಮಗೆ ಇದು ಸಿಕ್ಕಿದೆ. ನಿಮ್ಮ ಸಹೋದ್ಯೋಗಿಯ ಸೈಕಲ್ಲಿನಲ್ಲಿ ವೇಗಮಾಪಕವಿದ್ದರೆ ಯಾವ ದೀಪಗಳು ಮಿಡಿಯುತ್ತಿವೆ, ಯಾವುವು ಇಲ್ಲ ಎಂದು ರಸ್ತೆಯ ಉದ್ದಕ್ಕೂ ಗುರುತಿಸಬಹುದು.

ಹಗಲಿನಲ್ಲೂ ಚಕ್ರ ಒಂದು ಆಟವಾಡುತ್ತದೆ. ಲಂಬ ಪಟ್ಟಿಗಳ ಬೇಲಿಯ ಆಚೆಗೆ ಸೈಕಲ್ಲೊಂದು ಹಾದುಹೋದರೆ ಅದರ ಕಡ್ಡಿಗಳು ಬಾಗಿದಂತೆ, ಚಕ್ರ ತಿರುಗದೆಯೇ ಜಾರುತ್ತಿರುವಂತೆ ಕಾಣುತ್ತದೆ. ವೈದ್ಯ ಪೀಟರ್ ಮಾರ್ಕ್ ರೋಜೆ ಗಾಡಿಯ ಚಕ್ರದಲ್ಲಿ ಇದನ್ನು ಗಮನಿಸಿ, 1824ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಗಣಿತಸಹಿತ ವಿವರಣೆಯನ್ನು ಇಟ್ಟ. ಸೈಕಲ್ ಎಂಬ ವಾಹನಕ್ಕೆ ಆಗ ಪೆಡಲ್ಲೇ ಬಂದಿರಲಿಲ್ಲ. ಸೇತುವೆಯ ಮೇಲೆ ಒಂದರ ಹಿಂದೊಂದು ಎರಡು ಕಟಕಟೆಗಳಿದ್ದರೆ ಅವುಗಳ ಸರಳುಗಳು ಒಂದರ ಮೇಲೊಂದು ಬಿದ್ದು ಅಗಲವಾದ ಕಪ್ಪು ಪಟ್ಟಿಗಳು ಮೂಡುತ್ತವೆ. ಸರಳುಗಳ ನಡುವಿನ ಅಂತರ ಎರಡರಲ್ಲೂ ಒಂದೇ ಆಗಿದ್ದರೆ ಆ ಪಟ್ಟಿಗಳು ನಿಮ್ಮಷ್ಟೇ ವೇಗದಲ್ಲಿ, ನಿಮ್ಮ ಪಕ್ಕದಲ್ಲೇ ಓಡಿಬರುತ್ತವೆ. ನೀವು ನಿಂತರೆ ಅವೂ ನಿಲ್ಲುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ನೋಟ ನನಗೆ ಗೊತ್ತಿಲ್ಲ.

ನೀವು ಪಟ್ಟಿಮಾಡಿದವುಗಳಲ್ಲಿ ಭ್ರಮೆ ಎಂಬ ಹೆಸರಿಗೆ ತಕ್ಕದ್ದು ಒಂದೇ: ಸಿಗ್ನಲ್‌ನಲ್ಲಿ ಹರಿಯುವ ರಸ್ತೆ. ಬಹಳ ಹೊತ್ತು ರಸ್ತೆ ನಿಮ್ಮತ್ತ ಹರಿದು ಬರುವುದನ್ನು ನೋಡಿದಾಗ ಮಿದುಳಿನಲ್ಲಿ ಆ ದಿಕ್ಕಿನ ಚಲನೆಯನ್ನು ಗುರುತಿಸುವ ನರಕೋಶಗಳ ಸ್ಪಂದನ ಕುಗ್ಗುತ್ತದೆ. ನಿಂತಾಗ ಎದುರು ದಿಕ್ಕಿನ ಕೋಶಗಳ ಕೈ ಮೇಲಾಗಿ, ನಿಶ್ಚಲವಾದ ರಸ್ತೆ ನಿಮ್ಮಿಂದ ದೂರ ಹರಿಯುವಂತೆ ತೋರುತ್ತದೆ. ರಾಬರ್ಟ್ ಆಡಮ್ಸ್ ಎಂಬಾತ ಸ್ಕಾಟ್‌ಲೆಂಡಿನ ಜಲಪಾತವೊಂದನ್ನು ದಿಟ್ಟಿಸಿ, ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದಾಗ ಬಂಡೆ ಮೇಲಕ್ಕೇರುತ್ತಿರುವುದನ್ನು ಕಂಡು 1834ರಲ್ಲಿ ದಾಖಲಿಸಿದ. ಕೆಲವು ಸೆಕೆಂಡುಗಳಲ್ಲಿ ಇದು ಅಡಗುತ್ತದೆ. ಕಣ್ಣಿನ ದೋಷವಲ್ಲ, ಆರೋಗ್ಯವಂತ ದೃಷ್ಟಿಯ ಲಕ್ಷಣ.

ಹುಲ್ಲಿನ ಹಸಿರು ಕಿಡಿಗಳೋ, ಅಪ್ಪಟ ನಿಜ. ಅವು ಬಹುಪಾಲು ನೆಲದ ಮೇಲೆ ಬೇಟೆಯಾಡುವ ತೋಳಜೇಡಗಳ ಕಣ್ಣುಗಳು. ಬೆಕ್ಕಿನ ಕಣ್ಣಿನಲ್ಲಿರುವಂತೆ ಇವುಗಳ ಅಕ್ಷಿಪಟಲದ ಹಿಂದೆಯೂ ಪ್ರತಿಫಲಿಸುವ ಪದರವೊಂದಿದ್ದು, ಅದು ಬೆಳಕನ್ನು ಬಂದ ದಿಕ್ಕಿಗೇ ಹೆಚ್ಚಾಗಿ ಹಿಂದಿರುಗಿಸುತ್ತದೆ. ಹೆಲ್ಮೆಟ್ ದೀಪ ಬಂದ ಮೇಲೆಯೇ ಇವು ಕಂಡದ್ದೇಕೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಹ್ಯಾಂಡಲ್ಲಿನ ದೀಪ ನಿಮ್ಮ ಕಣ್ಣಿಗಿಂತ ಅರ್ಧ ಮೀಟರಿಗೂ ಕೆಳಗಿರುತ್ತದೆ. ಐದು ಮೀಟರ್ ದೂರದ ಜೇಡವು ಹಿಂದಿರುಗಿಸಿದ ಬೆಳಕು ದೀಪಕ್ಕೇ ಮರಳುತ್ತದೆ, ಸುಮಾರು 6 ಡಿಗ್ರಿ ಮೇಲಿರುವ ನಿಮ್ಮ ಕಣ್ಣಿಗೆ ಬಹುತೇಕ ದಕ್ಕುವುದಿಲ್ಲ. ಹೆಲ್ಮೆಟ್ಟಿನ ದೀಪ ಕಣ್ಣಿನಿಂದ ಒಂದು ಗೇಣೂ ದೂರವಿಲ್ಲ. ಬೆಳಗಿನ ಇಬ್ಬನಿಯಲ್ಲಿ ಸೂರ್ಯ ಬೆನ್ನ ಹಿಂದಿದ್ದಂತೆ ಇಲ್ಲಿ ನಿಮ್ಮ ಹಣೆಯ ಮೇಲೇ ಒಂದು ಪುಟ್ಟ ಸೂರ್ಯನನ್ನು ಕಟ್ಟಿಕೊಂಡಿದ್ದೀರಿ, ಅಷ್ಟೇ. ಇಬ್ಬನಿಯ ಹನಿಗಳೂ ಹೊಳೆಯುತ್ತವೆ, ಆದರೆ ಅವು ಎಲ್ಲೆಡೆ ಚೆಲ್ಲಿದಂತಿದ್ದು ನೀವು ಸರಿದಂತೆ ಮಿಣುಕುತ್ತವೆ; ಜೇಡದ ಕಣ್ಣು ಒಂದೇ ಸಮನೆ ಉರಿದು, ಅದು ಮುಖ ತಿರುಗಿಸಿದಾಗ ಆರುತ್ತದೆ. ಬದಿಗೆ ನಿಂತು ದೀಪ ಆರಿಸಿದ ಮೇಲೂ ಕಿಡಿ ಉಳಿದರೆ ಅದು ಮಿಂಚುಹುಳುವಿನದು.

ಬಸ್ಸಿನಲ್ಲಿದ್ದಾಗ ಏಕೆ ಕಾಣಲಿಲ್ಲ ಎಂಬುದಕ್ಕೆ ಒಂದು ಕಾರಣ ಲೆಕ್ಕದ್ದು. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಮೂರು ಮೀಟರ್ ಪಕ್ಕದಲ್ಲಿರುವ ಗಿಡವೊಂದು ನಿಮ್ಮನ್ನು ದಾಟುವ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 95 ಡಿಗ್ರಿ ವೇಗದಲ್ಲಿ ಕಣ್ಣಮುಂದೆ ಸರಿಯುತ್ತದೆ. ಚಲಿಸುವ ವಸ್ತುವನ್ನು ಕಣ್ಣು ಸೆಕೆಂಡಿಗೆ 30 ಡಿಗ್ರಿಯವರೆಗೆ ಸಲೀಸಾಗಿ, 100ರ ಆಸುಪಾಸಿನವರೆಗೆ ಕಷ್ಟಪಟ್ಟು ಹಿಂಬಾಲಿಸಬಲ್ಲದು. ಅಂದರೆ ರಸ್ತೆಯ ಅಂಚು ಸೈಕಲ್ ಸವಾರನಿಗೆ ಸರಿಯಾಗಿ ಈ ಮಿತಿಯೊಳಗೇ ಬರುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಬಸ್ಸಿನಲ್ಲಿ ಅದೇ ಗಿಡ 300 ಡಿಗ್ರಿ ಮೀರಿದ ವೇಗದಲ್ಲಿ ಹಸಿರು ಗೆರೆಯಾಗಿಬಿಡುತ್ತದೆ. ನಡೆಯುವವನಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅಷ್ಟೇ ಹೊತ್ತಿನಲ್ಲಿ ಅವನು ಸಾಗುವ ದಾರಿ ಮೂರು ನಾಲ್ಕು ಪಟ್ಟು ಕಡಿಮೆ. ಬೆಳಕು ಬದಲಾಗುವುದರೊಳಗೆ ಅಷ್ಟು ಕೋನಗಳನ್ನು ಅವನು ದಾಟಲಾರ.

ಇನ್ನೊಂದು ಕಾರಣವನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಏಕೆಂದರೆ ನೀವು ಬಸ್ಸಿನಲ್ಲಿ ಕುಳಿತು ಏನು ಮಾಡುತ್ತಿದ್ದಿರಿ ಎಂದು ಬರೆದಿಲ್ಲ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಐರಾ ಹೈಮನ್ ಮತ್ತು ಸಂಗಡಿಗರು ಬಣ್ಣದ ವೇಷ ತೊಟ್ಟ ವಿದೂಷಕನೊಬ್ಬನನ್ನು ಒಂಟಿಚಕ್ರದ ಸೈಕಲ್ ಮೇಲೆ ಕೂರಿಸಿ, ಜನ ಓಡಾಡುವ ಅಂಗಳದಲ್ಲಿ ಸುತ್ತಿಸಿದರು. ಆಮೇಲೆ ದಾರಿಹೋಕರನ್ನು ತಡೆದು ‘ವಿದೂಷಕನನ್ನು ನೋಡಿದಿರಾ’ ಎಂದು ನೇರವಾಗಿ ಕೇಳಿದಾಗ, ಒಬ್ಬರೇ ನಡೆದು ಬಂದವರಲ್ಲಿ ಅರ್ಧದಷ್ಟು ಜನ ಹೌದೆಂದರು. ಮೊಬೈಲಿನಲ್ಲಿ ಮಾತನಾಡುತ್ತಾ ಬಂದವರಲ್ಲಿ ಹಾಗೆಂದವರು ನಾಲ್ವರಲ್ಲಿ ಒಬ್ಬರು ಮಾತ್ರ. ಕಣ್ಣಿನ ಮೇಲೆ ಬಿದ್ದದ್ದೆಲ್ಲ ಕಂಡದ್ದಾಗುವುದಿಲ್ಲ. ಸೈಕಲ್ ಸವಾರ ಸಮತೋಲನಕ್ಕಾಗಿ, ಗುಂಡಿಗಳಿಗಾಗಿ, ವಾಹನಗಳಿಗಾಗಿ ಸದಾ ಹೊರಗೇ ನೋಡುತ್ತಿರಬೇಕಾದವನು. ಬೆರಗುಗಳು ಆ ಎಚ್ಚರಕ್ಕೆ ಸಿಗುವ ಉಪ ಉತ್ಪನ್ನ. ಅಂದಹಾಗೆ, ನೆರಳಿನ ಹೊಳಪನ್ನು ಬಸ್ಸಿನಿಂದಲೂ ನೋಡಬಹುದಿತ್ತು. ಬಸ್ಸಿನ ನೆರಳು ಹುಲ್ಲಿನ ಮೇಲೆ ಬಿದ್ದಾಗ ನೀವು ಕುಳಿತ ಕಿಟಕಿಯ ನೆರಳಿನ ಸುತ್ತಲೇ ಅದು ಇರುತ್ತದೆ.

ಮುಸ್ಸಂಜೆಯ ಸವಾರಿಯಲ್ಲಿ ನೀವು ಹೆಸರಿಸದ ಒಂದನ್ನು ಗಮನಿಸಿ: ಹಗಲಿನಲ್ಲಿ ಎಲೆಗಳ ನಡುವೆ ಎದ್ದು ಕಾಣುವ ಕೆಂಪು ಹೂವು ಬೆಳಕು ಇಳಿದಂತೆ ಕಪ್ಪಾಗುತ್ತದೆ, ಸುತ್ತಲಿನ ಎಲೆ ಅದಕ್ಕಿಂತ ತಿಳಿಯಾಗುತ್ತದೆ. ಹಗಲಿನ ದೃಷ್ಟಿ 555 ನ್ಯಾನೊಮೀಟರ್ ತರಂಗಾಂತರದ ಸುತ್ತ ಅತಿ ಚುರುಕಾಗಿದ್ದರೆ, ಮಬ್ಬುಗತ್ತಲಿನಲ್ಲಿ ಕೆಲಸ ಮಾಡುವ ದಂಡಕೋಶಗಳ ಚುರುಕು 507ರ ಸುತ್ತ. ಕೆಂಪು ಅವುಗಳಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಮಂದ. ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ವಿವರಿಸಿ ಎರಡು ಶತಮಾನಗಳಾದವು, ಆದರೂ ಕೆಂಪು ಅಂಗಿ ಸಂಜೆ ಹೊತ್ತು ಎದ್ದು ಕಾಣುತ್ತದೆಂದು ನಂಬಿ ದೀಪವಿಲ್ಲದೆ ಹೊರಡುವ ಸವಾರರನ್ನು ನಾನು ಈಗಲೂ ನೋಡುತ್ತೇನೆ.

ಕಣ್ಣು ತೋರಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ: ನೀವು ಬರೆದ ಯಾವುದಕ್ಕೂ ಬೇಕಿಲ್ಲ. ಆದರೆ ಒಂದು ಕಣ್ಣಿನ ಅಂಚಿನಲ್ಲಿ ಮಿಂಚಿನಂಥ ಬೆಳಕು ಪದೇ ಪದೇ ಹೊಳೆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹಿಂಡಾಗಿ ತೇಲತೊಡಗಿದರೆ, ಅಥವಾ ಬದಿಯಿಂದ ಪರದೆ ಸರಿದು ಬಂದಂತೆ ಕತ್ತಲು ಕವಿದರೆ ಅದು ಅಕ್ಷಿಪಟಲ ಕಳಚಿಕೊಳ್ಳುತ್ತಿರುವುದರ ಸೂಚನೆಯಾಗಿರಬಹುದು. ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು, ಸೈಕಲ್ ತುಳಿದುಕೊಂಡು ಅಲ್ಲ. ರಾತ್ರಿ ದೀಪಗಳ ಸುತ್ತ ಬಣ್ಣದ ಬಳೆಗಳು ಕಂಡರೆ ನಿಂತು, ಹೆಬ್ಬೆರಳಿನಿಂದ ದೀಪವನ್ನಷ್ಟೇ ಮರೆಮಾಡಿ. ಬಳೆ ಹಾಗೆಯೇ ಉಳಿದರೆ ಅದು ಗಾಳಿಯಲ್ಲಿರುವ ಮಂಜಿನದು. ದೀಪದೊಂದಿಗೆ ಬಳೆಯೂ ಮಾಯವಾದರೆ ಅದು ಹುಟ್ಟಿದ್ದು ನಿಮ್ಮ ಕನ್ನಡಕದಲ್ಲಿ ಇಲ್ಲವೇ ಕಣ್ಣಿನಲ್ಲಿ. ಕನ್ನಡಕ ಒರೆಸಿದ ಮೇಲೂ ದಿನದಿಂದ ದಿನಕ್ಕೆ ಮರುಕಳಿಸಿದರೆ ತೋರಿಸಿಕೊಳ್ಳಿ. ಜೊತೆಗೆ ಕಣ್ಣುನೋವು ಇದ್ದರೆ ತಡಮಾಡಬೇಡಿ.

ನಿಮ್ಮ ಸಹೋದ್ಯೋಗಿ ನನ್ನ ತೀರ್ಪನ್ನು ಒಪ್ಪದಿದ್ದರೆ ಹೀಗೆ ಮಾಡಿ. ಸೂರ್ಯ ಮೇಲೇರಿ ಇಬ್ಬನಿ ಆರುವುದಕ್ಕೆ ಮುಂಚೆ ಇಬ್ಬರೂ ಸೈಕಲ್ ನಿಲ್ಲಿಸಿ, ಬಿಸಿಲಿಗೆ ಬೆನ್ನು ಹಾಕಿ ಹುಲ್ಲಿನ ಬದಿಯಲ್ಲಿ ಅಕ್ಕಪಕ್ಕ ನಿಲ್ಲಿ. ಮೊಬೈಲನ್ನು ನಿಮ್ಮ ಎದೆಯ ಮಟ್ಟದಲ್ಲಿ ಹಿಡಿದು ಒಂದು ಚಿತ್ರ ತೆಗೆಯಿರಿ, ಆಮೇಲೆ ಕೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿ ಇನ್ನೊಂದು. ಮೊದಲನೆಯದರಲ್ಲಿ ಹೊಳಪು ನಿಮ್ಮ ನೆರಳಿನ ಎದೆಯ ಇಕ್ಕೆಲಗಳಲ್ಲಿರುತ್ತದೆ, ಎರಡನೆಯದರಲ್ಲಿ ಅಂಗೈಯ ನೆರಳಿನ ಸುತ್ತ ಇರುತ್ತದೆ. ತಲೆ ಎರಡರಲ್ಲೂ ಖಾಲಿ, ನಿಮ್ಮದೂ, ಅವರದೂ.